ತಿಪ್ಪವ್ವನ ಎಡಗಾಲು

ಹನ್ನೊಂದು ವರ್ಷ ತಿಪ್ಪವ್ವನ ಕಣ್ಣಿಗೆ ಬೊಟ್ಟು ಇಟ್ಟವಳು ನಾನು. ಉಳಿದದ್ದೆಲ್ಲ ದಾಕ್ಷಿಯದು. ಮೊಣಕಾಲಿನ ತನಕ ಎತ್ತಿ ಕಟ್ಟಿದ ಸೀರೆ, ಬುಟ್ಟಿಯಂಥ ತುರುಬು, ಯಾರ ಮಾತಿಗೂ ಸೊಪ್ಪು ಹಾಕದ ಆ ಮೂಗು, ಎಲ್ಲ ಅವಳ ಕೈಯಿಂದಲೇ ಬಂದದ್ದು. ದಾಕ್ಷಿ ಎಂಟು ಪುಟದ ಚಿತ್ರಕಥೆ ಬರೆದು, ಕಟ್ಟಕಡೆಯ ಚೌಕದಲ್ಲಿ ತಿಪ್ಪವ್ವನ ಒಂದು ಕಣ್ಣನ್ನು ಖಾಲಿ ಬಿಟ್ಟು, ಕಾಗದವನ್ನು ನನ್ನ ಕಡೆ ತಳ್ಳುತ್ತಿದ್ದಳು. ನಾನು ಕುಂಚದ ತುದಿಯನ್ನು ಮಸಿಯಲ್ಲಿ ಅದ್ದಿ ಟಪ್ಪನೆ ಒಂದು ಬೊಟ್ಟು ಇಡುತ್ತಿದ್ದೆ. ಅಷ್ಟೇ ನನ್ನ ಕೆಲಸ. ಊರೆಲ್ಲ ಅದನ್ನು ನೀಲಕ್ಕನ ತಿಪ್ಪವ್ವ ಎಂದು ಕರೆಯುತ್ತಿತ್ತು. ನಾನು ಅಲ್ಲ ಅನ್ನಲಿಲ್ಲ. ಅನ್ನಬೇಕಿತ್ತು.

ನಮ್ಮ ಊರಿನಲ್ಲಿ ಕೊನೆಯ ಕೈ ಯಾವಾಗಲೂ ಇನ್ನೊಬ್ಬರದು. ಸಾರು ನೀವು ಕುದಿಸಬಹುದು, ಒಗ್ಗರಣೆಯನ್ನು ಮಾತ್ರ ಪಕ್ಕದ ಮನೆಯವರು ಬಂದು ಹಾಕಬೇಕು. ಗೋಡೆ ಗೌಂಡಿ ಕಟ್ಟುತ್ತಾನೆ, ಕಡೆಯ ಇಟ್ಟಿಗೆಯನ್ನು ದಾರಿಯಲ್ಲಿ ಹೋಗುವವರು ಯಾರಾದರೂ ಇಡುತ್ತಾರೆ. ಅಂಗಿ ದರ್ಜಿಯದಾದರೆ ಕೊನೆಯ ಗುಂಡಿ ಗಿರಾಕಿಯದು. ಪೇಟೆಯ ಬೋರ್ಡುಗಳನ್ನು ನೋಡಿದರೆ ಹೊಸಬರಿಗೂ ಗೊತ್ತಾಗುತ್ತದೆ. ಎಲ್ಲ ಅಕ್ಷರಗಳೂ ಮುತ್ತು ಪೋಣಿಸಿದಂತೆ ದುಂಡಗೆ ಇರುತ್ತವೆ, ಕಡೆಯದೊಂದು ಮಾತ್ರ ಸೊಟ್ಟ. ಅದು ಅಂಗಡಿಯವನ ಕೈ. ಹಟಕ್ಕೆ ಬಿದ್ದು ಒಬ್ಬರೇ ಮುಗಿಸಿದರೋ, ಮರುದಿನ ಬೆಳಗಾಗುವ ಹೊತ್ತಿಗೆ ಗೋಡೆ ಹೋಗಿ ಇಟ್ಟಿಗೆಯ ರಾಶಿ, ಅಂಗಿ ಹೋಗಿ ಬಟ್ಟೆಯ ಸುರುಳಿ, ಸಾರು ಹೋಗಿ ಬೇಳೆ ಒಂದು ಕಡೆ ನೀರು ಒಂದು ಕಡೆ. ರಾತ್ರಿಯೇ ಉಂಡು ಮುಗಿಸಿದ್ದರೆ ಹೊಟ್ಟೆಯೊಳಗೆ ಏನಾಗುತ್ತದೆ ಎಂದು ಮಾತ್ರ ಕೇಳಬೇಡಿ, ನಮ್ಮ ಸೋದರಮಾವ ಮೂರು ದಿನ ಹಾಸಿಗೆ ಹಿಡಿದಿದ್ದ. ಹೀಗಾಗಿ ನಮ್ಮಲ್ಲಿ ಜಗಳ ಹೆಚ್ಚು ದಿನ ನಡೆಯುವುದಿಲ್ಲ. ಬೆಳಿಗ್ಗೆ ಬಾಯಿಗೆ ಬಂದಂತೆ ಬೈದಾಡಿದ ಹೆಂಗಸು ಮಧ್ಯಾಹ್ನ ಗೋಡೆಯ ಆಚೆ ನಿಂತು, "ಏ ಯಕ್ಕಾ, ಎಣ್ಣಿ ಕಾದೈತಿ, ಲಗೂನ ಬಾ" ಎಂದು ಕೂಗಲೇಬೇಕು.

ಇಷ್ಟೇ ಆಗಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಕೊನೆಯ ಕೈ ಯಾರದೋ, ಹೆಸರೂ ಅವರದೇ ಎನ್ನುವ ರೂಢಿಯೊಂದು ಯಾವಾಗಲೋ ಬಂದು ಸೇರಿಕೊಂಡಿತು. ಶಿವಪುತ್ರಪ್ಪ ಎನ್ನುವ ಹಿರಿಯರೊಬ್ಬರು ನಮ್ಮ ಊರಿನ ನೇಮಕದ ಕೊನೆಗೈ. ಗಂಜಿ ಹಾಕಿದ ಧೋತರ ಉಟ್ಟು, ಹಾರ ಹಾಕಿಸಿಕೊಂಡು, ಬಾವಿಗೆ, ಶಾಲೆಗೆ, ಸೇತುವೆಗೆ ಕಡೆಯ ಕಲ್ಲು ಇಡುವುದು ಅವರೇ. ಪ್ರತಿ ಕಲ್ಲಿನ ಮೇಲೆ ಅವರ ಹೆಸರು ಕೊರೆದಿರುತ್ತದೆ. ಸೇತುವೆ ಕಟ್ಟುವಾಗ ಹೊಳೆಗೆ ಬಿದ್ದು ಸೊಂಟ ಮುರಿದುಕೊಂಡ ಗೌಂಡಿಯ ಹೆಸರು ಅವನ ಹೆಂಡತಿಗೆ ಬಿಟ್ಟರೆ ಯಾರಿಗೂ ನೆನಪಿಲ್ಲ.

ದಾಕ್ಷಿಯ ಪೂರ್ತಿ ಹೆಸರು ದಾಕ್ಷಾಯಣಿ. ಬೋರ್ಡು ಬರೆಯುವ ಗದಿಗೆಪ್ಪನ ಮಗಳು. ಊರಿನ ಅರ್ಧ ಬೋರ್ಡುಗಳು ಅವಳವೇ, ಕಡೆಯ ಅಕ್ಷರ ಬಿಟ್ಟು. ಹತ್ತೊಂಬತ್ತನೆಯ ವಯಸ್ಸಿಗೆ ಲಗ್ನಪತ್ರಿಕೆ ಅಚ್ಚು ಮಾಡುವ ನನ್ನ ಅಚ್ಚುಮನೆಗೆ ಗಣಪತಿ ಬರೆಯಲು ಬಂದಳು. ಬಂದ ಮೊದಲ ದಿನವೇ ನಾನು ಕಂಡದ್ದು ಅವಳ ಕಾಲು. ಕೈ ಗಣಪತಿಯ ಸೊಂಡಿಲನ್ನು ಕೂದಲೆಳೆಯಷ್ಟೂ ತಪ್ಪದಂತೆ ಬರೆಯುತ್ತಿದ್ದರೆ, ಮೇಜಿನ ಕೆಳಗೆ ಎಡಗಾಲು ಹೊಲಿಗೆ ಯಂತ್ರದ ಹಾಗೆ ಕುಣಿಯುತ್ತಿತ್ತು. "ಕಾಲು ಅಲ್ಲಾಡಿಸಬ್ಯಾಡ, ಅಚ್ಚುಮನೀಗೆ ದರಿದ್ರ" ಎಂದು ಗದರಿದೆ. "ನಾ ಎಲ್ಲಿ ಅಲ್ಲಾಡಿಸ್ತೀನಿ ಅಕ್ಕ, ಅದs ಅಲ್ಲಾಡತೈತಿ" ಎಂದಳು.

ಮೊದಲ ವರ್ಷವೇ ಅವಳು ನಮ್ಮ ಊರಿನ ರೀತಿಯ ಜೊತೆ ಗುದ್ದಾಡಿ ನೋಡಿದಳು. ಹಾಳಾದ ಲಗ್ನಪತ್ರಿಕೆಗಳ ಬೆನ್ನಿಗೆ ಹದಿನೇಳು ಪುಟದ ಚಿತ್ರಕಥೆ ಬರೆದು, ಕಡೆಯ ಗೆರೆಯನ್ನೂ ತಾನೇ ಎಳೆದು, ಸಹಿ ಹಾಕಿ ಮನೆಗೆ ಹೋದಳು. ಬೆಳಿಗ್ಗೆ ನಾನು ಬಾಗಿಲು ತೆಗೆದಾಗ ಹದಿನೇಳೂ ಕಾಗದ ಬೆಳ್ಳಗೆ ಕುಳಿತಿದ್ದವು. ಹಿಂದಿನ ದಿನ ತಳ ಕಂಡಿದ್ದ ಮಸಿಯ ಕುಡಿಕೆ ಕಂಠಮಟ್ಟ ತುಂಬಿತ್ತು. ದಾಕ್ಷಿ ಅಳಲಿಲ್ಲ. ಕುಡಿಕೆಯನ್ನು ಎತ್ತಿ ಬೆಳಕಿಗೆ ಹಿಡಿದು, "ಒಂದು ಹನಿ ಸುದ್ದಾ ಕಡಿಮಿ ಇಲ್ಲ ನೋಡಕ್ಕ, ಭಾಳ ಪ್ರಾಮಾಣಿಕ ಐತಿ" ಎಂದಳು. ಆಮೇಲೆ ಅದೇ ಕಾಗದ ಮುಂದೆಳೆದುಕೊಂಡು ಮತ್ತೆ ಮೊದಲಿಂದ ಬರೆಯಲು ಕುಳಿತಳು. ಆ ಸಲ ಕಣ್ಣು ಒಂದನ್ನು ನನಗಾಗಿ ಬಿಟ್ಟಳು.

ಹಾಗೆ ಹುಟ್ಟಿದವಳು ತಿಪ್ಪವ್ವ. ತಿಪ್ಪವ್ವನ ವಿಶೇಷ ಏನೆಂದರೆ ತನ್ನ ಕೆಲಸವನ್ನೆಲ್ಲ ತಾನೇ ಮುಗಿಸುವುದು. ತನ್ನ ಒಗ್ಗರಣೆ ತಾನೇ ಹಾಕಿಕೊಳ್ಳುತ್ತಾಳೆ, ತನ್ನ ಮನೆಯ ಕಡೆಯ ಹೆಂಚು ತಾನೇ ಹೊದಿಸುತ್ತಾಳೆ, ಹಾರ ಹಾಕಿಕೊಂಡು ಕಲ್ಲು ಇಡಲು ಬಂದ ಹಿರಿಯನನ್ನು ಅದೇ ಹಾರದಿಂದ ಕಂಬಕ್ಕೆ ಕಟ್ಟುತ್ತಾಳೆ. ಬೆಳಗಾದರೆ ಎಲ್ಲವೂ ನಿಂತಿರುತ್ತದೆ. ನಮ್ಮ ಊರಿನಲ್ಲಿ ಇದಕ್ಕಿಂತ ದೊಡ್ಡ ಉದ್ಧಟತನ ಇನ್ನೊಂದಿಲ್ಲ. ಆ ಹಿರಿಯನ ಮೀಸೆ ಶಿವಪುತ್ರಪ್ಪನವರ ಮೀಸೆಯೇ ಆಗಿತ್ತು ಎನ್ನುವುದನ್ನು ನಾನು ಬೇರೆ ಹೇಳಬೇಕಾಗಿಲ್ಲ.

ಇಂಥದ್ದನ್ನು ಅಂಗಡಿಯಲ್ಲಿ ಇಟ್ಟು ಮಾರುವ ಹಾಗಿರಲಿಲ್ಲ. ಲಗ್ನಪತ್ರಿಕೆಯ ಲಕೋಟೆಯಲ್ಲಿ ಮಡಚಿ ಹಾಕಿ, ಮೇಲೆ ಅರಿಶಿನ ಹಚ್ಚಿ ಮನೆಮನೆಗೆ ಕಳಿಸುತ್ತಿದ್ದೆವು. ಮೊದಲ ಹಾಳೆಯಲ್ಲಿ ಇಲ್ಲದ ವಧು, ಇಲ್ಲದ ವರ, ಇಲ್ಲದ ಮುಹೂರ್ತ ಅಚ್ಚು ಮಾಡುತ್ತಿದ್ದೆ. "ಈ ತಿಂಗಳ ಲಗ್ನ ಬಂತೇನ?" ಎಂದು ಹೆಂಗಸರು ಬಾವಿಯ ಹತ್ತಿರ ಪಿಸುಗುಟ್ಟುತ್ತಿದ್ದರು. ಒಮ್ಮೆ ಒಬ್ಬ ಮುದುಕ ನಿಜವಾಗಿಯೂ ಬೆಳ್ಳಿಯ ಬಟ್ಟಲು ತೆಗೆದುಕೊಂಡು ಕಲ್ಯಾಣಮಂಟಪಕ್ಕೆ ಹೋಗಿ ಸಂಜೆಯ ತನಕ ಕಾದಿದ್ದನಂತೆ. ಹನ್ನೊಂದು ವರ್ಷದಲ್ಲಿ ನಾನು ಮಾಡಿಸಿದಷ್ಟು ಸುಳ್ಳು ಲಗ್ನಗಳನ್ನು ಯಾವ ದಲ್ಲಾಳಿಯೂ ಮಾಡಿಸಿರಲಿಕ್ಕಿಲ್ಲ. ನಾನು ಬೊಟ್ಟು ಇಡುತ್ತಿದ್ದೆ, ದಾಕ್ಷಿ ಮಧ್ಯಾಹ್ನ ನನ್ನ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಮದುವೆ ಮಕ್ಕಳು ಏನೂ ಇಲ್ಲದ ನನಗೆ ಅದೇ ಸಂಸಾರವಾಗಿತ್ತು.

ಹನ್ನೊಂದನೆಯ ವರ್ಷ ಒಂದು ಮಧ್ಯಾಹ್ನ ದಾಕ್ಷಿ ತಂದ ಪುಟಗಳಲ್ಲಿ ತಿಪ್ಪವ್ವ ಮನೆಗೆ ಬೀಗ ಹಾಕಿದಳು. ಬಾವಿ ದಾಟಿದಳು, ಪೇಟೆ ದಾಟಿದಳು. ಕಡೆಯ ಚೌಕದಲ್ಲಿ ಊರ ಅಗಸೆಬಾಗಿಲ ಹೊಸ್ತಿಲ ಮೇಲೆ ನಿಂತಿದ್ದಳು, ಬೆನ್ನು ಊರಿಗೆ, ಮುಖ ಅರ್ಧ ಪಕ್ಕಕ್ಕೆ. ಎಡಗಾಲು ಮೇಲೆದ್ದು ಹೊರಗಿನ ಮಣ್ಣಿನ ಕಡೆ ಚಾಚಿತ್ತು. ಕಣ್ಣು ಖಾಲಿ.

"ಇದs ಕಡೀದು ಅಕ್ಕ," ದಾಕ್ಷಿ ಹೇಳಿದಳು. "ಇನ್ನ ತಿಪ್ಪವ್ವ ಸಾಕು. ಆಕಿನ್ನ ಹೊರಗ ಬಿಟ್ಟು ನಾ ಬ್ಯಾರೆ ಏನರ ಮಾಡ್ತೀನಿ."

"ಏನ ಮಾಡ್ತಿ?"

"ಗೊತ್ತಿಲ್ಲ. ಅದಕ್ಕs ಬಿಡಾಕತ್ತೀನಿ."

ಅವಳು ಗೋಂದು ತರಲು ಹೊರಗೆ ಹೋದಳು. ನಾನು ಕುಂಚ ಅದ್ದಿದೆ. ಕಣ್ಣಿಗೆ ಬೊಟ್ಟು ಇಟ್ಟೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಕುಂಚದಲ್ಲಿ ಇನ್ನೂ ಮಸಿ ಉಳಿದಿತ್ತು. ಮೇಜಿನ ಮೇಲೆ ಬಿಳಿಬಣ್ಣದ ಶೀಶೆಯಿತ್ತು. ಹೊರಗೆ ಚಾಚಿದ್ದ ಪಾದವನ್ನು ಬಿಳಿಬಣ್ಣದಲ್ಲಿ ಮುಚ್ಚಿ, ಹಿಮ್ಮಡಿಯನ್ನು ಆ ಕಡೆ, ಬೆರಳುಗಳನ್ನು ಈ ಕಡೆ ಬರೆದೆ. ಐದಾರು ಗೆರೆಗಳ ಕೆಲಸ. ತಿಪ್ಪವ್ವ ಮನಸ್ಸು ಬದಲಿಸಿ ಊರೊಳಗೆ ತಿರುಗುವವಳಂತೆ ಕಂಡಳು. ಗೋಂದು ತರುವ ಮೊದಲೇ ಪುಟ ಅಚ್ಚಿಗೆ ಏರಿತ್ತು.

ದಾಕ್ಷಿ ಕೇಳಿದಾಗ, ಹಿರಿಯರಿಗೆ ಸುಳಿವು ಹತ್ತಿದೆ, ಕಡೆಗೆ ತಿಪ್ಪವ್ವ ಮರಳಿ ಬಂದಂತೆ ತೋರಿಸಿದರೆ ಅಚ್ಚುಮನೆ ಉಳಿಯುತ್ತದೆ, ಪುಸ್ತಕ ಉಳಿಯುತ್ತದೆ ಎಂದು ಏನೇನೋ ಹೇಳಿದೆ. ಅದು ಸುಳ್ಳು. ನನಗೆ ಭಯವಾಗಿತ್ತು. ತಿಪ್ಪವ್ವ ಹೋದರೆ ನನ್ನ ಬೊಟ್ಟು ಹೋಗುತ್ತದೆ, ನೀಲಕ್ಕನ ತಿಪ್ಪವ್ವ ಎನ್ನುವ ಮಾತು ಹೋಗುತ್ತದೆ, ಮಧ್ಯಾಹ್ನದ ಒಗ್ಗರಣೆಯೂ ಹೋಗುತ್ತದೆ ಎನ್ನುವ ಭಯ. ದಾಕ್ಷಿ ಪುಟವನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಕಾಲು ಅಲುಗಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಕಾಲು ಸುಮ್ಮನಿದ್ದದ್ದನ್ನು ಕಂಡೆ.

"ಕಣ್ಣು ನಿನಗ ಕೊಟ್ಟಿದ್ದೆ," ಎಂದಳು. "ಕಾಲು ಕೊಟ್ಟಿದ್ದಿಲ್ಲ." ಹೋದಳು.

ಆ ಸಂಚಿಕೆಯಷ್ಟು ಇನ್ನಾವುದೂ ಊರಿಗೆ ಹಿಡಿಸಿರಲಿಲ್ಲ. ಹೆಂಗಸರು ಕಣ್ಣೀರು ಹಾಕಿದರು. "ಎಷ್ಟಾದ್ರೂ ನಮ್ಮಾಕಿ, ವಾಪಸ್ ಬಂದ್ಲು ನೋಡು, ಛಲೋ ಮುಗಿಸಿದಿ ನೀಲಕ್ಕ" ಎಂದು ನನ್ನ ಕೈ ಹಿಡಿದು ಹೇಳಿದರು. ನಾನು ಆ ಹೊಗಳಿಕೆಯನ್ನು ನುಂಗಿಕೊಂಡೆ. ಮಧ್ಯಾಹ್ನ ಒಗ್ಗರಣೆಗೆ ಪಕ್ಕದ ಮನೆಯ ಫಕೀರವ್ವ ಬರತೊಡಗಿದಳು. ಆಕೆಗೆ ಎಣ್ಣೆ ಯಾವಾಗ ಕಾದಿತು ಎನ್ನುವುದೇ ತಿಳಿಯುವುದಿಲ್ಲ. ಮೂರು ವರ್ಷ ಹಸಿ ಸಾಸಿವೆ ತಿಂದೆ.

ದಾಕ್ಷಿ ಹೋಗಿ ಸೇರಿದ್ದು ಬಸ್‌ನಿಲ್ದಾಣದ ಹಿಂದಿನ ದಾವಲಸಾಬನ ಅಂಗಡಿಯನ್ನು. ದಾವಲಸಾಬ ಟಿವಿ ರಿಪೇರಿ ಮಾಡುವವನು, ಅಂಗಡಿಯ ಮುಂಭಾಗದಲ್ಲಿ ನಾಲ್ಕು ವಿಡಿಯೋ ಗೇಮ್ ಪೆಟ್ಟಿಗೆಗಳನ್ನು ಇಟ್ಟಿದ್ದ. ಅವು ಎಲ್ಲಿಂದಲೋ ಬಂದ ಹಳೆಯ ಆಟಗಳು, ಕಾರು ಓಡುವುದು, ಹಕ್ಕಿ ಹೊಡೆಯುವುದು. ಅವಳನ್ನು ಕರೆದದ್ದು ಪೆಟ್ಟಿಗೆಗಳ ಮೈಗೆ ಚಿತ್ರ ಬರೆಯಲು. ಬರೆಯುತ್ತ ಬರೆಯುತ್ತ ಅವಳಿಗೆ ಒಂದು ವಿಷಯ ಹೊಳೆಯಿತಂತೆ. ಆಟ ಮಾಡಿದವರು ಆಟ ಮುಗಿಸುವುದಿಲ್ಲ, ಆಡುವವರು ಮುಗಿಸುತ್ತಾರೆ. ಅಂದರೆ ಯಾರ ಮನೆಯ ಬಾಗಿಲಿಗೂ ಹೋಗಿ ಕೊನೆಯ ಕೈ ಹಾಕಿ ಎಂದು ಕೇಳಬೇಕಾಗಿಲ್ಲ. ಗಿರಾಕಿಯೇ ಬಂದು ಹಾಕಿ ಹೋಗುತ್ತಾನೆ. "ಸಾಬಣ್ಣ, ಇದು ನಮ್ಮೂರಿಗಂತಲೇ ಮಾಡಿದ ಕಸುಬು!" ಎಂದು ಕುಂಚ ಬಿಸಾಡಿ ಅವನ ಮುಂದೆ ಕುಳಿತುಬಿಟ್ಟಳಂತೆ. ದಾವಲಸಾಬ ತನಗೆ ಗೊತ್ತಿದ್ದಷ್ಟನ್ನು ಕಲಿಸಿದ. ಗೊತ್ತಿಲ್ಲದ್ದನ್ನು ಅವಳು ಪೆಟ್ಟಿಗೆ ಬಿಚ್ಚಿ, ಸುಟ್ಟು, ಮತ್ತೆ ಕೂಡಿಸಿ ಕಲಿತಳು. ಅಂಗಡಿಯ ಮೇಲಿನ ಕೋಣೆಯಲ್ಲೇ ಇದ್ದಳು. ಅವಳ ಸಾರಿಗೆ ದಾವಲಸಾಬನ ಹೆಂಡತಿ ಒಗ್ಗರಣೆ ಹಾಕುತ್ತಾಳೆ ಎಂದು ಕೇಳಿ ನನಗೆ ಹೊಟ್ಟೆಕಿಚ್ಚಾಯಿತು.

ಮೊದಲ ಆಟದಲ್ಲಿ ತಿಪ್ಪವ್ವ ಹೆಂಚು ಹೊದಿಸುತ್ತಿದ್ದಳು, ಕಡೆಯ ಹೆಂಚು ಆಡುವವನ ಬೆರಳಿನಲ್ಲಿ. ಎರಡನೆಯದರಲ್ಲಿ ಮೀಸೆಯ ಹಿರಿಯರು ಬೆನ್ನಟ್ಟಿದಾಗ ಸಂತೆಯ ತುಂಬ ಓಡುತ್ತಿದ್ದಳು. ಊರು ಮುಗಿಬಿದ್ದಿತು. ಬೆಳಗಾದರೂ ಆಟ ಅಳಿಯುತ್ತಿರಲಿಲ್ಲ, ದಾಕ್ಷಿ ಮೈಮರೆತು ಕೆಲಸ ಮಾಡುತ್ತಿದ್ದಳು. ಆದರೆ ಆಟ ಮುಗಿಸಿದವರು ಪರದೆಯ ಮೇಲೆ ತಮ್ಮ ಹೆಸರು ಬರೆಯುವ ಪದ್ಧತಿಯೊಂದು ಆ ಪೆಟ್ಟಿಗೆಗಳಲ್ಲಿ ಮೊದಲಿನಿಂದಲೂ ಇತ್ತು. ನಮ್ಮ ಊರಿಗೆ ಅಷ್ಟೇ ಸಾಕು. ಇದು ಸಂಗಪ್ಪನ ಆಟ, ಅದು ಪಾರವ್ವನ ಆಟ ಎಂದು ಜನ ಹೇಳತೊಡಗಿದರು. ಪಾರವ್ವ ತಾನು ಮುಗಿಸಿದ ದಿನವನ್ನು ಮನೆಯ ಗೋಡೆಯ ಮೇಲೆ ಬರೆಸಿಕೊಂಡಳು. ಯಾರೋ ಒಬ್ಬ ಹೊಸಬ ದಾಕ್ಷಿಯನ್ನೇ, "ನೀವೂ ಇಲ್ಲಿ ಆಡಾಕ ಬರ್ತೀರೇನ್ರಿ?" ಎಂದು ಕೇಳಿದನಂತೆ.

ಅದರ ನಂತರ ಬಂದದ್ದು ಮೂರನೆಯ ಆಟ. ಎಂಟು ತಿಂಗಳು ಮಾಡಿದಳು. ತಿಪ್ಪವ್ವ ಮನೆಗೆ ಬೀಗ ಹಾಕಿ, ಬಾವಿ ದಾಟಿ, ಪೇಟೆ ದಾಟಿ ಅಗಸೆಬಾಗಿಲಿಗೆ ಬರುತ್ತಾಳೆ. ಬರುವುದು ಕಷ್ಟವೇನಲ್ಲ, ಒಂದು ವಾರದಲ್ಲಿ ಅರ್ಧ ಊರು ಅಲ್ಲಿಯ ತನಕ ಬಂದಿತು. ಬಾಗಿಲು ಹಾರುಹೊಡೆದಿರುತ್ತದೆ. ಎದುರಿಗೆ ಯಾರೂ ಇಲ್ಲ. ಹೊಸ್ತಿಲ ಮೇಲೆ ನಿಲ್ಲುತ್ತಾಳೆ. ಅಲ್ಲಿಂದ ಪೆಟ್ಟಿಗೆಯ ಆಡಿಸುವ ಕೋಲನ್ನು ಮುಂದೆ ತಳ್ಳಿದರೆ ಜಾರಿ ಬೀಳುತ್ತಾಳೆ, ಇಡೀ ಊರು ದಡದಡನೆ ಇಟ್ಟಿಗೆಯ ರಾಶಿಯಾಗಿ, ಆಟ ಮತ್ತೆ ಮನೆಯಿಂದ ಶುರು. ಹಿಂದೆ ಎಳೆದರೂ ಅದೇ, ಗುಂಡಿ ಒತ್ತಿದರೂ ಅದೇ, ಮೆಲ್ಲಗೆ ಒತ್ತಿದರೂ, ಕುಟ್ಟಿದರೂ, ಇಬ್ಬರು ಕೂಡಿ ಒತ್ತಿದರೂ ಅದೇ.

ನಮ್ಮ ಜನಕ್ಕೆ ಮುಗಿಯದ ವಸ್ತುವನ್ನು ಕಂಡರೆ ನಿದ್ದೆ ಬರುವುದಿಲ್ಲ. ಹಗಲಿಡೀ ಸಾಲು ಹಚ್ಚಿ ನಿಂತರು. ಕರೆದರೆ ಒಗ್ಗರಣೆಗೆ ಬರುವವರಿಲ್ಲ, ಬೀದಿಯ ತುಂಬ ಕಾದ ಎಣ್ಣೆಯ ವಾಸನೆ. ಅರ್ಧ ಕ್ಷೌರದ ತಲೆಯಲ್ಲಿ ಗಂಡಸರು ಓಡಾಡಿದರು, ಕಡೆಯ ಕತ್ತರಿ ಹಾಕಬೇಕಾದವನು ಆಟದ ಸಾಲಿನಲ್ಲಿದ್ದ. ಕಡೆಗೆ ಶಿವಪುತ್ರಪ್ಪನವರೇ ಹಾರ ಹಾಕಿಕೊಂಡು ಬಂದರು. ಪೆಟ್ಟಿಗೆಗೆ ಕಾಯಿ ಒಡೆಸಿದರು. ಅಗಸೆಬಾಗಿಲ ತನಕ ಅವರ ಮೊಮ್ಮಗಳು ಆಡಿಕೊಟ್ಟಳು, ಕೊನೆಯ ಒತ್ತು ಅವರದು. ಇಟ್ಟಿಗೆಯ ರಾಶಿ. ಮತ್ತೆ ಇಟ್ಟಿಗೆಯ ರಾಶಿ. ನಲವತ್ತು ಸಲ ಊರನ್ನು ಕೆಡವಿ ಹಾರ ಬಾಡಿದ ಮೇಲೆ ಎದ್ದು ನಿಂತು, "ಮುಗೀಲಾರದ್ದು ಊರಾಗ ಇರಬಾರದು" ಎಂದು ತೀರ್ಪು ಕೊಟ್ಟರು. ಸೋಮವಾರ ಬೆಳಿಗ್ಗೆಯೊಳಗೆ ಯಾರೂ ಮುಗಿಸದಿದ್ದರೆ ಪೆಟ್ಟಿಗೆ ಒಡೆಯುವುದು. ಒಳಗಿನ ಆಟ ಇದ್ದದ್ದು ಆ ಒಂದು ಪೆಟ್ಟಿಗೆಯಲ್ಲಿ ಮಾತ್ರ.

ಭಾನುವಾರ ಮಧ್ಯಾಹ್ನ ನಾನು ದಾವಲಸಾಬನ ಅಂಗಡಿಯ ಮೆಟ್ಟಿಲು ಹತ್ತಿದೆ. ಮೂರು ವರ್ಷದಲ್ಲಿ ಮೊದಲ ಸಲ. ದಾಕ್ಷಿ ನೆಲದ ಮೇಲೆ ಕುಳಿತು ತಂತಿ ಸುತ್ತುತ್ತಿದ್ದಳು, ಎಡಗಾಲು ಕುಣಿಯುತ್ತಿತ್ತು. ಸೊರಗಿದ್ದಳು. ಕಿವಿಯ ಹತ್ತಿರ ನಾಲ್ಕು ಕೂದಲು ಬೆಳ್ಳಗಾಗಿದ್ದವು.

"ಸ್ವಲ್ಪ ಹಗೂರ ಮಾಡವ್ವ," ಎಂದೆ. "ಒಂದು ಗುಂಡಿ ಒತ್ತಿದ್ರ ದಾಟೂ ಹಂಗ ಮಾಡು. ಪೆಟಿಗಿ ಉಳೀತೈತಿ."

"ಒಂದು ಕಾಲು ತಿರುಗಿಸಿದ್ರ ಪುಸ್ತಕ ಉಳೀತೈತಿ ಅಂತ ನೀನೂ ಅಂದಿದ್ದಿ."

ಅವಳು ತಂತಿ ಕೆಳಗಿಟ್ಟಳು. "ಯಾರೂ ಮುಗಿಸಬಾರದು ಅಂತ ನಾ ಹಟಾ ಹಿಡದಿಲ್ಲ ಅಕ್ಕ. ಮುಗೀಲಿ. ಖರೆ, ನಾ ಬರದ ಕೊನೀನ ಇರಬೇಕು. ಒಂದs ಒಂದು ನಂದು ಅಂತ ಬೆಳಗಾದ್ರ ನಿಂತಿರಬೇಕು. ಹದಿನಾಲ್ಕು ವರ್ಷ ಆತು, ನಾ ಬ್ಯಾರೆ ಏನೂ ಕೇಳಿಲ್ಲ."

"ಮತ್ತ ನಾ ಆಡ್ಲೇನು?"

ಅವಳು ನಕ್ಕಳು, ಸಂತೋಷದ ನಗೆಯಲ್ಲ. "ಆಡು. ನಿನಗಂತೂ ಕೈ ಭಾಳ ಉದ್ದ ಅದಾವ."

ಕೆಳಗೆ ಬಂದು ಸಾಲಿನಲ್ಲಿ ನಿಂತೆ. ವಯಸ್ಸಾದವಳು ಎಂದು ಜನ ಮುಂದೆ ಬಿಟ್ಟರು. ಅರವತ್ತನೆಯ ವಯಸ್ಸಿನಲ್ಲಿ ಆ ಕೋಲು ಹಿಡಿಯಲು ಕಲಿಯುವುದೆಂದರೆ ಎಮ್ಮೆಗೆ ಸೀರೆ ಉಡಿಸಿದಷ್ಟೇ ಚೆಂದ. ಬಾವಿಯಲ್ಲಿ ಆರು ಸಲ ಬಿದ್ದೆ. ಸುತ್ತ ನಿಂತವರು, "ಎಡಕ್ಕ ನೀಲಕ್ಕ, ಹಾರು ನೀಲಕ್ಕ" ಎಂದು ಕೂಗಿ ಕೂಗಿ ತಲೆ ತಿಂದರು. ಕೊನೆಗೆ ಹೇಗೋ ಪೇಟೆ ದಾಟಿ ಅಗಸೆಬಾಗಿಲಿಗೆ ಬಂದೆ. ತಿಪ್ಪವ್ವ ಹೊಸ್ತಿಲ ಮೇಲೆ ನಿಂತಳು. ಬೆನ್ನು ಊರಿಗೆ, ಮುಖ ಅರ್ಧ ಪಕ್ಕಕ್ಕೆ. ಎಡಗಾಲು ಎತ್ತಿದಳು.

ಅದೇ ಚೌಕ. ನಾನು ಹಾಳು ಮಾಡಿದ ಅದೇ ಚೌಕ, ಕಾಲಿನ ಬೆರಳುಗಳು ಅವಳು ಮೊದಲು ಬರೆದ ಕಡೆಗೇ ನೆಟ್ಟಗೆ ಇದ್ದವು. ಕಣ್ಣಿನಲ್ಲಿ ಈಗ ಬೊಟ್ಟು ಇತ್ತು, ಅದು ನನ್ನದಲ್ಲ. ಸುತ್ತ ಎಲ್ಲರೂ, "ಒತ್ತು, ಒತ್ತು" ಅನ್ನುತ್ತಿದ್ದರು. ನನ್ನ ಬೆರಳು ಗುಂಡಿಯ ಮೇಲೇ ಇತ್ತು. ಆ ಬೆರಳನ್ನು ನೋಡಿದರೆ ನನಗೆ ಅಸಹ್ಯವಾಯಿತು. ಈ ಕಾಲನ್ನು ಮತ್ತೆ ನಾನು ಮುಟ್ಟಲಾರೆ ಅನ್ನಿಸಿತು. ಬುದ್ಧಿವಂತಿಕೆಯಿಂದ ಮಾಡಿದೆ ಎಂದು ಯಾರೂ ತಿಳಿಯಬೇಡಿ, ನನಗೆ ಆಟ ಮುಗಿಸುವ ಯೋಚನೆಯೇ ಇರಲಿಲ್ಲ. ಎರಡೂ ಕೈ ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡೆ.

ಹತ್ತು ಎಣಿಸುವಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ತಿಪ್ಪವ್ವ ತಾನಾಗಿ ಕಾಲು ಕೆಳಗಿಟ್ಟಳು, ಹೊರಗಿನ ಮಣ್ಣಿನ ಮೇಲೆ. ಇನ್ನೊಂದು ಕಾಲು ಎತ್ತಿಟ್ಟಳು. ಸೀರೆ ಕೊಡವಿಕೊಂಡು ನಡೆಯತೊಡಗಿದಳು, ಚಿಕ್ಕವಳಾದಳು, ಚುಕ್ಕಿಯಾದಳು, ಪರದೆಯ ಅಂಚಿನಲ್ಲಿ ಇಲ್ಲವಾದಳು. ಅಷ್ಟು ದಿನ ಯಾರಿಗೂ ಹೊಳೆದಿರಲಿಲ್ಲ. ಕೊನೆಯ ಹೊತ್ತಿನಲ್ಲಿ ಕೈ ಹಿಂದೆ ತೆಗೆಯುವುದು ನಮ್ಮ ಊರಿನಲ್ಲಿ ಯಾರಿಗೆ ಹೊಳೆಯಬೇಕು?

ಜನ ಹೋ ಎಂದರು. "ನೀಲಕ್ಕ ಮುಗಿಸಿದ್ಲು!" ಪರದೆಯ ಮೇಲೆ ಹೆಸರು ಬರೆಯುವ ಜಾಗ ಮಿನುಗುತ್ತಿತ್ತು. ಗದ್ದಲ ಕೇಳಿ ದಾಕ್ಷಿ ಇಳಿದು ಬಂದಳು.

"ಯಾರ ಕೈ?" ಎಂದಳು.

"ಯಾರದೂ ಇಲ್ಲ. ನಾ ಮುಟ್ಟಲಿಲ್ಲ."

ಅವಳ ಮುಖ ಬೆಳ್ಳಗಾಯಿತು. "ಹಂಗಾದ್ರ ನಂದs."

ಅವಳದೇ ಕೈ ಕೊನೆಯದಾದರೆ ಬೆಳಗಾಗುವ ಹೊತ್ತಿಗೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಹದಿನೇಳು ಬಿಳಿ ಕಾಗದಗಳು ನನ್ನ ಕಣ್ಣೆದುರು ಬಂದವು. ಎಂಟು ತಿಂಗಳ ಕೆಲಸ. ಉಳಿಸುವ ದಾರಿ ನನ್ನ ಮುಂದೆಯೇ ಮಿನುಗುತ್ತಿತ್ತು, ಒಂದು ಅಕ್ಷರ ಒತ್ತಿದರೆ ಸಾಕು, ಕೊನೆಯ ಕೈ ನನ್ನದಾಗುತ್ತದೆ, ಆಟ ಗಟ್ಟಿಯಾಗಿ ನಿಲ್ಲುತ್ತದೆ. "ದಾಕ್ಷಿ, ಬರೀ ಒಂದು ಅಕ್ಷರ," ಎಂದೆ. "ಹೆಸರು ಬ್ಯಾಡ, ಸುಮ್ನ ಒಂದು ಗೀಟು. ಉಳಿಸ್ತೀನವ್ವ."

"ಮುಟ್ಟಬ್ಯಾಡ ಅಕ್ಕ."

"ಹೋದ್ರ?"

"ಹೋಗ್ಲಿ. ಬೆಳಿಗ್ಗಿ ನೋಡೂಣು."

ಜನ "ಹೆಸರು ಬರಿ, ಬರಿ" ಎಂದು ಹಿಂದಿನಿಂದ ತಳ್ಳುತ್ತಿದ್ದರು. ನನ್ನ ಕೈಗಳು ಸೆರಗಿನೊಳಗೆ ಒಂದನ್ನೊಂದು ಹಿಡಿದುಕೊಂಡು ಬೆವರಿದ್ದವು. ತಿಪ್ಪವ್ವನ ಪಾದ ತಿರುಗಿಸಲು ನನಗೆ ಅರೆಕ್ಷಣ ಹಿಡಿದಿತ್ತು. ಮುಟ್ಟದೆ ನಿಲ್ಲುವುದು ಅದಕ್ಕಿಂತ ಎಷ್ಟೋ ಪಾಲು ಕಷ್ಟವಾಯಿತು. ನಿಂತೆ. ಹೆಸರಿನ ಜಾಗ ಸ್ವಲ್ಪ ಹೊತ್ತು ಮಿನುಗಿ ಖಾಲಿಯಾಗಿಯೇ ಆರಿತು. ಸಂಜೆ ದಾವಲಸಾಬ ಎಂದಿನಂತೆ ಪೆಟ್ಟಿಗೆ ಬಂದ್ ಮಾಡಿದ. ಸ್ವಿಚ್ ಒತ್ತಿದ ಆ ಬೆರಳೇ ಕೊನೆಯ ಕೈ ಎಂದು ವಾದಿಸುವವರು ಈಗಲೂ ಇದ್ದಾರೆ.

ಸೋಮವಾರ ಬೆಳಿಗ್ಗೆ ಅಂಗಡಿಯ ಮುಂದೆ ಇಡೀ ಊರು ನೆರೆದಿತ್ತು. ಶಿವಪುತ್ರಪ್ಪನವರು ಎರಡು ಹಾರ ತಂದಿದ್ದರು, ಮುಗಿದಿದ್ದರೆ ನನಗೊಂದು, ಒಡೆಯುವುದಾದರೆ ಸುತ್ತಿಗೆಗೊಂದು. ದಾವಲಸಾಬ ಪೆಟ್ಟಿಗೆ ಚಾಲೂ ಮಾಡಿದ. ಪರದೆ ಒಂದು ಗಳಿಗೆ ಬೆಳ್ಳಗಿತ್ತು. ನಾನು ದಾಕ್ಷಿಯ ಮುಖ ನೋಡಲಿಲ್ಲ, ಧೈರ್ಯವಾಗಲಿಲ್ಲ. ಆಮೇಲೆ ಮನೆ ಮೂಡಿತು, ಬಾವಿ ಮೂಡಿತು, ಪೇಟೆ ಮೂಡಿತು. ಹೆಂಚು ಹೆಂಚೂ ಇದ್ದಲ್ಲೇ ಇತ್ತು. ಒಂದು ಗೆರೆಯೂ ಅಳಿದಿರಲಿಲ್ಲ.

ಸಂಗಪ್ಪ ಕೋಲು ಹಿಡಿದು ಆಡಿಸಿದ. ಏನೂ ಚಲಿಸಲಿಲ್ಲ. ಮನೆಗೆ ಬೀಗ ಹಾಕಿತ್ತು, ದೂರದಲ್ಲಿ ಅಗಸೆಬಾಗಿಲು ತೆರೆದೇ ಇತ್ತು. ತಿಪ್ಪವ್ವ ಇರಲಿಲ್ಲ. ನಿನ್ನೆ ತನ್ನ ಕಡೆಯ ಹೆಜ್ಜೆ ತಾನೇ ಇಟ್ಟು ಹೊರಗೆ ಹೋದವಳು ಹೊರಗೇ ಇದ್ದಳು.

ಇದು ಮುಗಿದಂತೆಯೋ ಮುಗಿಯದಂತೆಯೋ ಶಿವಪುತ್ರಪ್ಪನವರಿಗೆ ಬಗೆಹರಿಯಲಿಲ್ಲ. ಕೊರೆಸಲು ಹೆಸರೂ ಇಲ್ಲ, ಒಡೆಯಲು ಕಾರಣವೂ ಇಲ್ಲ. ಎರಡೂ ಹಾರ ಹಿಡಿದು ಬೆಂಚಿನ ಮೇಲೆ ಕುಳಿತರು. ಉಳಿದವರೂ ಕುಳಿತರು. ಎಲ್ಲರೂ ಪರದೆಯ ಆ ಬಾಗಿಲನ್ನೇ ನೋಡುತ್ತಿದ್ದರು. ಅವರು ಕಾಯುತ್ತಿದ್ದಾರೆ ಎಂದು ನನಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಬರ್ತಾಳ ಬಿಡ್ರಿ," ಎಂದಳು ಪಾರವ್ವ. "ಮೂರು ವರ್ಷದ ಹಿಂದ ಹಿಂಗs ಹೋಗಿ ಬಂದಿರಲಿಲ್ಲೇನು? ಹೊಸ್ತಿಲದಾಗ ನಿಂತು ಊರ ನೆನಸಿ ತಿರುಗಿದ್ಲು. ನೀಲಕ್ಕs ಮುಗಿಸಿದ್ದು. ಹೇಳು ನೀಲಕ್ಕ, ಬರ್ತಾಳಲ್ಲ?"

ಎಲ್ಲರೂ ನನ್ನ ಕಡೆ ತಿರುಗಿದರು. ಹೌದು ಎಂದರೆ ಮನೆಗೆ ಹೋಗುತ್ತಿದ್ದರು. ಹದಿನಾಲ್ಕು ವರ್ಷ ನನ್ನ ಕೈ ಹಿಡಿದು ಹೊಗಳಿದ ಜನ ಅವರು. ದಾಕ್ಷಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು.

"ಬರೂದಿಲ್ಲ," ಎಂದೆ. "ಅವಾಗೂ ಬಂದಿದ್ದಿಲ್ಲ. ದಾಕ್ಷಿ ಆಕಿನ್ನ ಹೊರಗs ಕಳಿಸಿದ್ಲು. ಕಾಲು ತಿರುಗಿಸಿದಾಕಿ ನಾನು."

ಪಾರವ್ವ ನನ್ನ ಕೈಗಳನ್ನು ನೋಡಿದಳು, ಆಮೇಲೆ ದಾಕ್ಷಿಯನ್ನು ನೋಡಿದಳು, ಅವಳನ್ನು ಆವತ್ತೇ ಮೊದಲ ಸಲ ಕಂಡವಳ ಹಾಗೆ. "ಹಂಗಾದ್ರ ತಿಪ್ಪವ್ವ ಈಕಿದೇನು?" ಎಂದಳು. ಮಾತು ಬೆಂಚಿನಿಂದ ಬೆಂಚಿಗೆ ಹೋಯಿತು. ಕೆಲವರು ನನಗೆ ಬೆನ್ನು ಹಾಕಿ ಎದ್ದುಹೋದರು. ಫಕೀರವ್ವ ಅವರಲ್ಲಿ ಮೊದಲಿಗಳು.

ದಾಕ್ಷಿ ಚೌಕಟ್ಟು ಬಿಟ್ಟು ನನ್ನ ಹತ್ತಿರ ಬಂದಳು. ಕಾಲು ಆಗಲೇ ಕುಣಿಯತೊಡಗಿತ್ತು, ಮುಂದಿನದು ಏನೋ ತಲೆಯಲ್ಲಿ ಶುರುವಾಗಿರಬೇಕು. ತೆರೆದ ಆ ಬಾಗಿಲನ್ನು ಒಂದು ಸಲ ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡಳು.

"ಅಕ್ಕ, ಮನಿಯಾಗ ಸಾರು ಐತೇನು?"

"ಐತಿ," ಎಂದೆ. "ಒಗ್ಗರಣಿ ಆಗಿಲ್ಲ."

"ನಡಿ ಹಂಗಾರ," ಎಂದು ನನಗಿಂತ ಮುಂದೆ ನಡೆದಳು.